ಸ್ಲೋ ಫಿಲ್ಮಿಗೆ ಯಾವ ಡೆವಲಪರ್? ಹಳೇಬೀಡಿನ ಗೋಡೆಯ ಮುಂದೆ ನಿಂತು ಹಾಕಿದ ಲೆಕ್ಕ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಶ್ಚಿಮ ಗೋಡೆಯ ಮೇಲೆ ಮಧ್ಯಾಹ್ನ ಮೂರೂವರೆಯ ನಂತರದ ಬಿಸಿಲು ಓರೆಯಾಗಿ ಬೀಳುವಾಗ, ತಳದ ಆನೆಗಳ ಸಾಲಿನಿಂದ ಹಿಡಿದು ಮೇಲಿನ ದೇವತೆಗಳ ಕಿರೀಟದವರೆಗೆ ಕೆತ್ತನೆಯ ಒಂದೊಂದು ಗೆರೆಯೂ ತನ್ನ ಪಕ್ಕದಲ್ಲೊಂದು ಸಣ್ಣ ನೆರಳನ್ನು ಎಳೆದುಕೊಳ್ಳುತ್ತದೆ. ಬಳಪದ ಕಲ್ಲಿನಲ್ಲಿ ಅಷ್ಟು ನವಿರಾಗಿ ಕೊರೆದ ಹಾರ, ಕಾಲಂದುಗೆ, ಗೆಜ್ಜೆಗಳನ್ನು 35 ಮಿ.ಮೀ. ಕ್ಯಾಮೆರಾದ 24×36 ಮಿ.ಮೀ. ಚೌಕಟ್ಟಿನೊಳಗೆ ಹಿಡಿದು, ಆಮೇಲೆ ದೊಡ್ಡದಾಗಿ ಮುದ್ರಿಸಬೇಕೆಂದರೆ ಸ್ಲೋ ಫಿಲ್ಮ್, ಎಂದರೆ ಹೆಚ್ಚು ಬೆಳಕು ಬೇಡಿದರೂ ನುಣುಪಾದ ಚಿತ್ರ ಕೊಡುವ ಫಿಲ್ಮ್, ಬೇಕು ಎಂಬುದು ಕಪ್ಪು-ಬಿಳುಪಿನ ಚಿತ್ರ ತೆಗೆಯುವ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಫಿಲ್ಮನ್ನು ಯಾವ ಡೆವಲಪರಿನಲ್ಲಿ, ಎಂದರೆ ಅಡಗಿರುವ ಚಿತ್ರವನ್ನು ಮೂಡಿಸುವ ಯಾವ ದ್ರಾವಣದಲ್ಲಿ, ತೊಳೆಯಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಹಲವರು ಎಡವುತ್ತಾರೆ. ಹಾಸನದಲ್ಲಿ ಸ್ನಾನದ ಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡ ಹೊಸದರಲ್ಲಿ ನಾನೂ ಎಡವಿದೆ.

ನನ್ನ ತಪ್ಪು ನೋಡುವುದಕ್ಕೆ ತಪ್ಪಿನಂತೆಯೇ ಇರಲಿಲ್ಲ. ಐಎಸ್‌ಒ ಎಂಬುದು ಫಿಲ್ಮಿನ ವೇಗದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹೆಚ್ಚು ಬೆಳಕು ಬೇಕು. ಐಎಸ್‌ಒ 50ರ ಫಿಲ್ಮಿನಲ್ಲಿ ಚಿತ್ರವನ್ನು ಮೂಡಿಸುವ ಬೆಳ್ಳಿಯ ಕಣಗಳು ಮೊದಲೇ ಸಣ್ಣವು. ಅದನ್ನು ಅತಿ ಸೂಕ್ಷ್ಮ ಕಣದ ಡೆವಲಪರಿನಲ್ಲಿ ತೊಳೆದರೆ ಅವು ಇನ್ನಷ್ಟು ಸಣ್ಣವಾಗಿ ಚಿತ್ರ ಇನ್ನಷ್ಟು ಚೆನ್ನಾಗುತ್ತದೆ ಎಂದು ಎಣಿಸಿ, ಡಬ್ಬಿಯ ಮೇಲಿದ್ದ 50ನ್ನೇ ಬೆಳಕು ಅಳೆಯುವ ಮೀಟರಿಗೆ ಕೊಟ್ಟು ಒಂದು ರೋಲು ಪೂರ್ತಿ ತೆಗೆದು ತೊಳೆದೆ. ಒಣಗಿದ ನೆಗೆಟಿವನ್ನು (ಬೆಳಕು-ಕತ್ತಲೆ ಅದಲುಬದಲಾಗಿ ಮೂಡಿದ ಫಿಲ್ಮನ್ನು) ಭೂತಗನ್ನಡಿಯಲ್ಲಿ ನೋಡಿದಾಗ ಕಣ ಕಾಣಲಿಲ್ಲವೆಂಬುದು ನಿಜ. ಆದರೆ ಸೂರಿನ ಅಡಿಯಲ್ಲಿ, ಮೂರ್ತಿಗಳ ಗಲ್ಲದ ಕೆಳಗೆ, ಕೈಗಳ ಸಂದಿನಲ್ಲಿ ಏನೂ ಮೂಡದೆ ಫಿಲ್ಮ್ ಗಾಜಿನಂತೆ ಬೋಳಾಗಿ ಉಳಿದಿತ್ತು. ಬಿಸಿಲು ಬಿದ್ದ ಹಣೆ, ಭುಜಗಳೋ ಕಾಗದದ ಮೇಲೆ ಇಳಿಸಲಾಗದಷ್ಟು ದಟ್ಟವಾಗಿ ಕಪ್ಪಾಗಿದ್ದವು. ಸ್ಲೋ ಫಿಲ್ಮಿನ ವಿಷಯದಲ್ಲಿ ಡೆವಲಪರನ್ನು ಮೊದಲು ಕೇಳಬೇಕಾದದ್ದು, ಬಿಸಿಲು-ನೆರಳುಗಳ ಅಂತರವನ್ನು ನೀನು ಹೇಗೆ ಸಂಭಾಳಿಸುತ್ತೀ ಎಂದು. ಕಣದ ಪ್ರಶ್ನೆಯನ್ನು ಫಿಲ್ಮ್ ತಾನೇ ಬಹುಮಟ್ಟಿಗೆ ಬಗೆಹರಿಸಿಕೊಂಡು ಬಂದಿರುತ್ತದೆ. ಇದು ಏಕೆ ಹೀಗೆ ಎಂಬುದನ್ನು ತಿಳಿಯಲು ಫಿಲ್ಮಿನ ಒಳಗೆ ಸ್ವಲ್ಪ ಇಣುಕಬೇಕು.

ಹರಳುಗಳ ಲೆಕ್ಕ

ಫಿಲ್ಮಿನ ಮೇಲಿನ ತೆಳುವಾದ ಜೆಲಾಟಿನ್ ಪದರದಲ್ಲಿ ಬೆಳ್ಳಿಯ ಲವಣದ, ಮುಖ್ಯವಾಗಿ ಸಿಲ್ವರ್ ಬ್ರೋಮೈಡಿನ, ಸೂಕ್ಷ್ಮ ಹರಳುಗಳು ಹರಡಿಕೊಂಡಿರುತ್ತವೆ. ಅಂಗಳದಲ್ಲಿಟ್ಟ ಅಗಲ ಬಾಯಿಯ ಹಂಡೆಗೆ ಚೊಂಬಿಗಿಂತ ಹೆಚ್ಚು ಮಳೆಹನಿ ಬೀಳುವ ಹಾಗೆ, ದೊಡ್ಡ ಹರಳಿಗೆ ಬೆಳಕು ತಾಗುವ ಸಂಭವ ಹೆಚ್ಚು. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳ ಒಂದು ಚುಕ್ಕೆ ಮೂಡಿದರೆ ಸಾಕು, ಡೆವಲಪರ್ ಆ ಇಡೀ ಹರಳನ್ನು ಲೋಹದ ಬೆಳ್ಳಿಯಾಗಿ ಮಾಡಿಬಿಡುತ್ತದೆ. ಆದ್ದರಿಂದ ದೊಡ್ಡ ಹರಳುಗಳ ಫಿಲ್ಮ್ ಮಸುಕು ಬೆಳಕಿನಲ್ಲೂ ಕೆಲಸ ಮಾಡುತ್ತದೆ, ಆದರೆ ಅದರ ಚಿತ್ರದಲ್ಲಿ ಬೆಳ್ಳಿಯ ಗುಂಪುಗಳು ಒರಟಾಗಿ ಕಾಣುತ್ತವೆ. ಸಣ್ಣ ಹರಳುಗಳ ಫಿಲ್ಮಿಗೆ ಹೆಚ್ಚು ಬೆಳಕು ಬೇಕು, ಚಿತ್ರ ಮಾತ್ರ ನುಣುಪು. ಐಎಸ್‌ಒ 400ರ ಫಿಲ್ಮಿಗಿಂತ 50ರ ಫಿಲ್ಮಿಗೆ ಎಂಟು ಪಟ್ಟು, ಎಂದರೆ ಮೂರು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು), ಹೆಚ್ಚು ಬೆಳಕು ಕೊಡಬೇಕಾಗುತ್ತದೆ. 125 ಮತ್ತು ಅದಕ್ಕಿಂತ ಕೆಳಗಿನದೆಲ್ಲವನ್ನೂ ಸಾಮಾನ್ಯವಾಗಿ ಸ್ಲೋ ಎನ್ನುತ್ತಾರಾದರೂ, ಆ ಗುಣವೂ ಆ ಕಷ್ಟವೂ ಪೂರ್ತಿಯಾಗಿ ಅನುಭವಕ್ಕೆ ಬರುವುದು 50 ಹಾಗೂ ಅದಕ್ಕಿಂತ ಕೆಳಗೆ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ, ಮತ್ತು ನನ್ನ ರೋಲನ್ನು ಕೆಡಿಸಿದ್ದು ಅದೇ. ವೇಗದ ಫಿಲ್ಮುಗಳಲ್ಲಿ ಸಾಮಾನ್ಯವಾಗಿ ದೊಡ್ಡ, ನಡುವಿನ, ಸಣ್ಣ ಹರಳುಗಳು ಬೆರೆತಿರುತ್ತವೆ; ದೊಡ್ಡವು ಮಸುಕು ಬೆಳಕಿಗೆ ಎಚ್ಚರಗೊಂಡರೆ ಸಣ್ಣವು ಪ್ರಖರವಾದ ಬೆಳಕು ಬರುವವರೆಗೆ ಕಾಯುತ್ತವೆ, ಹೀಗಾಗಿ ಆ ಫಿಲ್ಮ್ ಬೆಳಕಿನ ದೊಡ್ಡ ಹರಹನ್ನು ನಿಧಾನವಾಗಿ ಏರುವ ಇಳಿಜಾರಿನಂತೆ ದಾಖಲಿಸುತ್ತದೆ. ಸ್ಲೋ ಫಿಲ್ಮಿನ ಹರಳುಗಳು ಹೆಚ್ಚುಕಡಿಮೆ ಒಂದೇ ಗಾತ್ರದವಾಗಿರುವುದರಿಂದ ಬೆಳಕು ಒಂದು ಮಟ್ಟ ದಾಟಿದೊಡನೆ ಎಲ್ಲವೂ ಒಟ್ಟಿಗೆ ಎದ್ದುಬಿಡುತ್ತವೆ. ಇಳಿಜಾರಿನ ಬದಲು ಮೆಟ್ಟಿಲೇರಿದಂತಾಗುತ್ತದೆ. ಕಾಂಟ್ರಾಸ್ಟ್ ಹೆಚ್ಚು ಎನ್ನುವುದು ಇದನ್ನೇ. ಮೋಡ ಕವಿದ ದಿನ ಇದು ವರ, ಹಳೇಬೀಡಿನ ಸಂಜೆ ಬಿಸಿಲಿನಲ್ಲಿ ತಲೆನೋವು.

ಈಗ ಸಿಗುವ ಫಿಲ್ಮುಗಳಲ್ಲಿ ಈ ಗುಣ ಎದ್ದು ಕಾಣುವುದು ಇಲ್‌ಫೋರ್ಡಿನ ಪ್ಯಾನ್ ಎಫ್ ಪ್ಲಸ್‌ನಲ್ಲಿ. ಐಎಸ್‌ಒ 50ರ ಈ ಫಿಲ್ಮಿನಲ್ಲಿ ಕಲ್ಲಿನ ಮೈಯ ತರಿ, ಒರಸಿ ಹೋದ ಅಂಚು, ಭಕ್ತರ ಕೈ ತಾಗಿ ನುಣುಪಾದ ಜಾಗ ಇವೆಲ್ಲ ಮುಟ್ಟಿದರೆ ಸಿಗುವಂತೆ ಬರುತ್ತವೆ. ಅದೇ ಕಂಪನಿಯ 125ರ ಎಫ್‌ಪಿ4 ಪ್ಲಸ್ ಹೆಚ್ಚು ಸಹನೆಯದು. ಎಕ್ಸ್‌ಪೋಷರಿನಲ್ಲಿ, ಎಂದರೆ ಫಿಲ್ಮಿಗೆ ಕೊಡುವ ಬೆಳಕಿನಲ್ಲಿ, ಒಂದು ಸ್ಟಾಪ್ ಆಚೀಚೆಯಾದರೂ ಮುದ್ರಿಸಬಹುದಾದ ನೆಗೆಟಿವನ್ನೇ ಕೊಡುತ್ತದೆ. ಮೊದಲ ಬಾರಿಗೆ ಸ್ವತಃ ತೊಳೆಯುವವರು ಯಾರಾದರೂ ಕೇಳಿದರೆ ನಾನು ಹೇಳುವುದು ಎಫ್‌ಪಿ4 ಎಂದೇ. ಕೊಡ್ಯಾಕಿನ ಟಿ-ಮ್ಯಾಕ್ಸ್ 100 ಮತ್ತು ಇಲ್‌ಫೋರ್ಡಿನ ಡೆಲ್ಟಾ 100 ಬೇರೆ ಜಾತಿಯವು: ಇವುಗಳಲ್ಲಿ ಹರಳುಗಳನ್ನು ಚಪ್ಪಟೆ ಬಿಲ್ಲೆಗಳಂತೆ ಬೆಳೆಸಿರುತ್ತಾರೆ, ಆದ್ದರಿಂದ ಅಷ್ಟೇ ಬೆಳ್ಳಿಯಲ್ಲಿ ಹೆಚ್ಚು ಅಗಲದ ಮೈ ಬೆಳಕಿಗೆ ಒಡ್ಡಿಕೊಳ್ಳುತ್ತದೆ. 100ರ ವೇಗದಲ್ಲೇ 50ರ ನುಣುಪು ಸಿಗುತ್ತದೆ. ಆದರೆ ತೊಳೆಯುವ ಸಮಯ, ಉಷ್ಣತೆ, ಅಲುಗಿಸುವ ಕ್ರಮ ಇವುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಅವು ಮುಖ ಗಂಟಿಕ್ಕುತ್ತವೆ. ಡೆವಲಪರಿನ ನಂತರ ಚಿತ್ರವನ್ನು ಸ್ಥಿರಗೊಳಿಸುವ ಹೈಪೊದಲ್ಲಿಯೂ ಇವನ್ನು ಹೆಚ್ಚು ಹೊತ್ತು ಇಡಬೇಕು, ಇಲ್ಲದಿದ್ದರೆ ನೆಗೆಟಿವಿನ ಮೇಲೆ ಗುಲಾಬಿ ಛಾಯೆ ಉಳಿಯುತ್ತದೆ. ಜೆಕ್ ದೇಶದ ಫೋಮಾಪ್ಯಾನ್ 100ರ ಹೆಸರಿನಲ್ಲಿ 100 ಎಂದಿದ್ದರೂ ಹೆಚ್ಚಿನ ಡೆವಲಪರುಗಳಲ್ಲಿ ಅದರ ನಿಜವಾದ ವೇಗ 50ರಿಂದ 80ರ ನಡುವೆ ನಿಲ್ಲುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡು ಬಳಸಿದರೆ ಹಳೆಯ ಕಾಲದ ಮೃದುವಾದ, ಸೊಗಸಾದ ಫಿಲ್ಮ್ ಅದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೋಲುಗಳನ್ನು ಬಳಸಿ ಬೆಳೆದ ಹಿರಿಯರಿಗೆ ಫೋಮಾದ ಗುಣ ಬೇಗ ಒಗ್ಗುತ್ತದೆ ಎಂಬುದು ನನ್ನ ಊಹೆ.

ಇವೆಲ್ಲಕ್ಕಿಂತ ಕೆಳಗೆ ಅಡಾಕ್ಸ್ ಸಿಎಂಎಸ್ 20ರಂಥ ಫಿಲ್ಮ್ ಇದೆ. ಅದು ಮೂಲತಃ ದಾಖಲೆಗಳ ಸೂಕ್ಷ್ಮ ಪ್ರತಿ ತೆಗೆಯಲು ಮಾಡಿದ್ದು. ಅಕ್ಷರ ಕಪ್ಪು, ಕಾಗದ ಬಿಳಿ, ನಡುವೆ ಏನೂ ಇರಬಾರದು ಎಂಬುದೇ ಅದರ ಹುಟ್ಟಿನ ಉದ್ದೇಶ. ಮಾಮೂಲಿ ಡೆವಲಪರಿಗೆ ಹಾಕಿದರೆ ಬೇಲೂರಿನ ಮದನಿಕೆಯೂ ಜೆರಾಕ್ಸ್ ಪ್ರತಿಯಂತೆ ಬರುತ್ತಾಳೆ. ಅದಕ್ಕೆಂದೇ ತಯಾರಿಸಿದ ಅಡೊಟೆಕ್ ಎಂಬ ಬಲಹೀನ ಡೆವಲಪರಿನಲ್ಲಿ ತೊಳೆದಾಗ ಮಾತ್ರ ನಡುವಿನ ಬೂದುಬಣ್ಣಗಳು ಮೂಡುತ್ತವೆ, ಆಗಲೂ ವೇಗ ಹೆಚ್ಚೆಂದರೆ 20. ಈಗ ತಯಾರಾಗದ ಕೊಡ್ಯಾಕ್ ಟೆಕ್ನಿಕಲ್ ಪ್ಯಾನ್ ಫಿಲ್ಮಿಗೂ ಹೀಗೆಯೇ ಟೆಕ್ನಿಡಾಲ್ ಎಂಬ ಪ್ರತ್ಯೇಕ ಡೆವಲಪರ್ ಇತ್ತು. ಮನೆಯಲ್ಲೇ ಮಾಡಿಕೊಳ್ಳುವವರಿಗೆ ಲೀಟರಿಗೆ 1.5 ಗ್ರಾಂ ಫೆನಿಡೋನ್ ಮತ್ತು 30 ಗ್ರಾಂ ಸೋಡಿಯಂ ಸಲ್ಫೈಟ್ ಬೆರೆಸಿದ ಪೋಟಾ ಎಂಬ ಹಳೆಯ ಸೂತ್ರವಿದೆ. ಕಲಸಿದ ದಿನವೇ ಬಳಸಬೇಕು, ಇಟ್ಟರೆ ಕೆಡುತ್ತದೆ.

ಡೆವಲಪರಿನೊಳಗೆ ಏನಿದೆ

ಬಾಟಲಿಯ ಹೆಸರು ಯಾವುದೇ ಇರಲಿ, ಡೆವಲಪರಿನಲ್ಲಿ ಮುಖ್ಯವಾಗಿ ನಾಲ್ಕು ಕೆಲಸಗಾರರಿರುತ್ತಾರೆ. ಹರಳನ್ನು ಬೆಳ್ಳಿಯಾಗಿಸುವ ಮೆಟಾಲ್, ಹೈಡ್ರೋಕ್ವಿನೋನ್, ಫೆನಿಡೋನ್‌ಗಳಂಥ ರಾಸಾಯನಿಕ ಒಂದು. ಅದಕ್ಕೆ ಚುರುಕು ಕೊಡುವ ಕ್ಷಾರ ಇನ್ನೊಂದು. ಗಾಳಿಗೆ ಕೆಡದಂತೆ ಕಾಯುವ ಸೋಡಿಯಂ ಸಲ್ಫೈಟ್ ಮೂರನೆಯದು. ಬೆಳಕೇ ತಾಗದ ಹರಳುಗಳು ಏಳದಂತೆ ತಡೆಯುವ ಬ್ರೋಮೈಡ್ ಕೆಲವು ಸೂತ್ರಗಳಲ್ಲಿ ನಾಲ್ಕನೆಯದು. ಇವುಗಳಲ್ಲಿ ನಾವು ಕಣ್ಣಿಡಬೇಕಾದದ್ದು ಸಲ್ಫೈಟಿನ ಮೇಲೆ. ಲೀಟರಿಗೆ 100 ಗ್ರಾಂನಷ್ಟು ಸಲ್ಫೈಟ್ ಇದ್ದಾಗ ಅದು ಕಾವಲಿನ ಕೆಲಸ ಮುಗಿಸಿ ಹರಳುಗಳ ಅಂಚನ್ನೇ ಕರಗಿಸಲು ತೊಡಗುತ್ತದೆ. ಅದರಿಂದ ಕಣ ಮೃದುವಾಗುತ್ತದೆ, ಜೊತೆಗೆ ಅಂಚಿನ ಚೂಪೂ ಸ್ವಲ್ಪ ಮೊಂಡಾಗುತ್ತದೆ. 400ರ ಫಿಲ್ಮಿಗೆ ಇದು ಲಾಭದ ವ್ಯಾಪಾರ. ಕಣವೇ ಕಾಣದ 50ರ ಫಿಲ್ಮಿನಲ್ಲಿ ಮಾತ್ರ ಚೂಪನ್ನು ಕೊಟ್ಟು ಬದಲಿಗೆ ಪಡೆಯುವುದು ಹೆಚ್ಚೇನೂ ಇಲ್ಲ. ಪರ್ಸೆಪ್ಟಾಲಿನಂಥ ಅತಿ ಸೂಕ್ಷ್ಮ ಕಣದ ಡೆವಲಪರುಗಳನ್ನು ನೀರು ಬೆರೆಸದೆ ಬಳಸಿದರೆ ಫಿಲ್ಮಿನ ವೇಗವೂ ಅರ್ಧ ಸ್ಟಾಪಿನಿಂದ ಒಂದು ಸ್ಟಾಪಿನವರೆಗೆ ಕುಸಿಯುತ್ತದೆ. ನಾನು ಆ ಫಿಲ್ಮನ್ನು 25 ಎಂದು ಭಾವಿಸಿ ತೆಗೆಯಬೇಕಾಗಿತ್ತು. 50 ಎಂದು ತೆಗೆದದ್ದರಿಂದ ನೆರಳುಗಳು ಖಾಲಿಯಾದವು, ಅವನ್ನು ಸರಿದೂಗಿಸಲು ಟ್ಯಾಂಕಿನಲ್ಲಿ ಎರಡು ನಿಮಿಷ ಹೆಚ್ಚು ಬಿಟ್ಟದ್ದರಿಂದ ಬಿಸಿಲಿನ ಭಾಗಗಳು ಕಪ್ಪಾದವು.

ಕೊಡ್ಯಾಕಿನ ಡಿ-76 ಮತ್ತು ಅದರ ಸರಿಜೋಡಿಯಾದ ಇಲ್‌ಫೋರ್ಡಿನ ಐಡಿ-11 ಸುಮಾರು ನೂರು ವರ್ಷ ಹಳೆಯವು. ಲೀಟರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೋರಾಕ್ಸ್ ಎಂಬ ಇದರ ಸೂತ್ರವನ್ನು ನೋಡಿದರೆ ಇದೂ ಕರಗಿಸುವ ಜಾತಿಯದೇ ಎಂದು ಗೊತ್ತಾಗುತ್ತದೆ. ಆದರೆ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದೊಡನೆ ಸಲ್ಫೈಟ್ 25 ಗ್ರಾಂಗೆ ಇಳಿಯುತ್ತದೆ, ಕರಗಿಸುವ ಶಕ್ತಿ ಬಹುತೇಕ ಹೋಗುತ್ತದೆ, ಅಂಚುಗಳು ಚೂಪಾಗುತ್ತವೆ. ಒಂದೇ ಡಬ್ಬಿಯ ಪುಡಿ ನೀರಿನ ಪ್ರಮಾಣವೊಂದರಿಂದಲೇ ಬೇರೆ ಡೆವಲಪರ್ ಆಗಿಬಿಡುತ್ತದೆ ಎಂಬುದು ಹೊಸಬರಿಗೆ ಯಾರೂ ಒತ್ತಿ ಹೇಳದ ಮಾತು. ಪ್ಯಾನ್ ಎಫ್‌ಗೆ 20 ಡಿಗ್ರಿಯಲ್ಲಿ ಐಡಿ-11 ನೀರು ಬೆರೆಸದೆ ಆರೂವರೆ ನಿಮಿಷ, ಸಮಪಾಲು ನೀರಿಗೆ ಎಂಟೂವರೆ, ಮೂರು ಪಾಲು ನೀರಿಗೆ 15 ನಿಮಿಷ. ಎಫ್‌ಪಿ4ಕ್ಕೆ ಇದೇ ಕ್ರಮದಲ್ಲಿ ಎಂಟೂವರೆ, 11 ಮತ್ತು 20 ನಿಮಿಷ.

ಇನ್ನೊಂದು ತುದಿಯಲ್ಲಿರುವುದು ರೋಡಿನಾಲ್. ಜರ್ಮನಿಯ ಅಗ್ಫಾ 1891ರಲ್ಲಿ ಪೇಟೆಂಟ್ ಪಡೆದ ಈ ದ್ರಾವಣ ಇಂದಿಗೂ ಅಡೋನಾಲ್, ಆರ್09 ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಪ್ಯಾರಾ-ಅಮಿನೋಫೀನಾಲ್ ಇದರ ಜೀವಾಳ, ಕ್ಷಾರ ತೀಕ್ಷ್ಣ, ಬೆರೆಸಿದ ಮೇಲೆ ಸಲ್ಫೈಟ್ ತೀರ ಕಡಿಮೆ. ಆದ್ದರಿಂದ ಅದು ಕಣವನ್ನು ಕರಗಿಸುವ ಗೋಜಿಗೆ ಹೋಗುವುದಿಲ್ಲ. 400ರ ಫಿಲ್ಮಿನಲ್ಲಿ ಇದು ರಾಗಿಹಿಟ್ಟು ಎರಚಿದಂಥ ಕಣವನ್ನು ತೋರಿಸುತ್ತದೆ. 50ರ ಫಿಲ್ಮಿನಲ್ಲಿ ತೋರಿಸುವುದಕ್ಕೆ ಕಣವೇ ಇಲ್ಲದ್ದರಿಂದ ಉಳಿಯುವುದು ಚೂಪು ಮಾತ್ರ. ಬಾಟಲಿಯಲ್ಲಿ ಬಣ್ಣ ಕಡುಗಂದಾಗಿ ಎಷ್ಟೋ ವರ್ಷ ಕೂತರೂ ಕೆಲಸ ಬಿಡದ ಇದರ ಗುಣ, ತಿಂಗಳಿಗೊಂದು ರೋಲು ತೊಳೆಯುವ ನಮ್ಮಂಥವರಿಗೆ ದೊಡ್ಡ ಅನುಕೂಲ. 300 ಮಿಲಿ ಟ್ಯಾಂಕಿಗೆ 1+50ರ (ಒಂದು ಪಾಲಿಗೆ 50 ಪಾಲು ನೀರು) ಪ್ರಮಾಣದಲ್ಲಿ 6 ಮಿಲಿ ಸಾಕು. ದೋಷವೂ ಇದೆ: ನೆರಳಿನ ವಿವರವನ್ನು ಅದು ಸ್ವಲ್ಪ ನುಂಗುತ್ತದೆ, ಎಂದರೆ ಫಿಲ್ಮಿನ ನಿಜವಾದ ವೇಗ ಒಂದಷ್ಟು ತಗ್ಗುತ್ತದೆ.

ಬಿಸಿಲಿಗೊಂದು, ಮೋಡಕ್ಕೊಂದು

ಹೀಗಾಗಿ ನಮ್ಮ ಸೀಮೆಯಲ್ಲಿ ಒಂದೇ ಡೆವಲಪರನ್ನು ವರ್ಷವಿಡೀ ನೆಚ್ಚಿಕೊಳ್ಳುವುದಕ್ಕಿಂತ ಬೆಳಕನ್ನು ನೋಡಿ ಆಯುವುದು ಮೇಲು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಜುಲೈ ತಿಂಗಳಲ್ಲಿ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳ ಸುತ್ತ ಹೇಮಾವತಿಯ ಹಿನ್ನೀರು ಏರಿ, ಮೇಲೆ ಮೋಡ ಒಂದೇ ಸಮನೆ ಹಾಸಿಕೊಂಡಿರುವಾಗ, ಅತಿ ಪ್ರಕಾಶದ ಜಾಗಕ್ಕೂ ಅತಿ ಕತ್ತಲೆಯ ಜಾಗಕ್ಕೂ ಮೀಟರಿನಲ್ಲಿ ನಾಲ್ಕು ಸ್ಟಾಪಿನ ಅಂತರವೂ ಇರುವುದಿಲ್ಲ. ಅಲ್ಲಿ ಪ್ಯಾನ್ ಎಫ್‌ನ ಸಹಜ ಕಾಂಟ್ರಾಸ್ಟ್ ಮತ್ತು ರೋಡಿನಾಲಿನ ಚೂಪು ಎರಡೂ ಬೇಕು. 1+50ರಲ್ಲಿ 11 ನಿಮಿಷ ತೊಳೆದರೆ ಬೂದು ಆಕಾಶ, ಬೂದು ನೀರು, ಬೂದು ಗಾರೆ ಇವು ಒಂದರಿಂದೊಂದು ಬಿಡಿಸಿಕೊಂಡು ನಿಲ್ಲುತ್ತವೆ.

ನವೆಂಬರಿನಿಂದ ಮಾರ್ಚಿನವರೆಗಿನ ಬಿಸಿಲಿನಲ್ಲಿ ಹೊಯ್ಸಳ ಗುಡಿಗಳ ಮುಂದೆ ನಿಂತರೆ ಲೆಕ್ಕ ತಿರುವುಮುರುವಾಗುತ್ತದೆ. ಬಿಸಿಲಿನ ಕಲ್ಲಿಗೂ ಸೂರಿನಡಿಯ ಕಲ್ಲಿಗೂ ಏಳೆಂಟು ಸ್ಟಾಪಿನ ಅಂತರ. ಫಿಲ್ಮ್ ತಾನೇ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ. ಇಲ್ಲಿ ಮಾಡಬೇಕಾದ ಮೊದಲ ಕೆಲಸ ಡೆವಲಪರಿನದಲ್ಲ, ಕ್ಯಾಮೆರಾದ್ದು: 50ರ ಫಿಲ್ಮನ್ನು 25 ಅಥವಾ 32 ಎಂದು ಭಾವಿಸಿ ನೆರಳಿಗೆ ಧಾರಾಳವಾಗಿ ಬೆಳಕು ಕೊಡಬೇಕು, ಏಕೆಂದರೆ ಫಿಲ್ಮಿಗೆ ತಾಗದ ಬೆಳಕನ್ನು ಯಾವ ಡೆವಲಪರೂ ಹುಟ್ಟಿಸಿಕೊಡಲಾರದು. ಆಮೇಲೆ ತೊಳೆಯುವ ಸಮಯವನ್ನು ಶೇಕಡ 15ರಿಂದ 20ರಷ್ಟು ಕಡಿತಗೊಳಿಸಬೇಕು. ನೆರಳಿನ ಭಾಗದಲ್ಲಿ ಎದ್ದಿರುವ ಹರಳುಗಳು ಕಡಿಮೆಯಾದ್ದರಿಂದ ಅವು ಬೇಗ ತೊಳೆದು ಮುಗಿಯುತ್ತವೆ, ಬಿಸಿಲಿನ ಭಾಗ ಮಾತ್ರ ನಿಮಿಷ ಕಳೆದಷ್ಟೂ ದಟ್ಟವಾಗುತ್ತ ಹೋಗುತ್ತದೆ. ಬೇಗ ಹೊರತೆಗೆದರೆ ನಷ್ಟವಾಗುವುದು ಹೆಚ್ಚಾಗಿ ಬಿಸಿಲಿನ ದಟ್ಟಣೆ. ಐಡಿ-11 ಅನ್ನು 1+3ರಲ್ಲಿ ಬಳಸಿ, ಟ್ಯಾಂಕನ್ನು ನಿಮಿಷಕ್ಕೆ ನಾಲ್ಕು ಸಲ ಮಗುಚುವ ಬದಲು ಎರಡೇ ಸಲ ಮೆಲ್ಲಗೆ ಮಗುಚಿದರೆ, ಬಿಸಿಲಿನ ಭಾಗದ ಮೇಲೆ ನಿಂತ ಡೆವಲಪರ್ ಅಲ್ಲೇ ಸುಸ್ತಾಗಿ ಕೆಲಸ ನಿಲ್ಲಿಸುತ್ತದೆ. ನೆರಳಿನ ಮೇಲೆ ನಿಂತದ್ದು ಇನ್ನೂ ದುಡಿಯುತ್ತಿರುತ್ತದೆ.

ಈ ಸುಸ್ತಾಗುವ ತತ್ವವನ್ನೇ ಪೂರ್ತಿ ನೆಚ್ಚಿಕೊಂಡದ್ದು ಎರಡು ಪಾತ್ರೆಗಳ ಪದ್ಧತಿ. ಹಾಸನದ ಬೇಸಿಗೆಗೆ ಇದಕ್ಕಿಂತ ಒಪ್ಪುವ ವಿಧಾನವನ್ನು ನಾನು ಕಂಡಿಲ್ಲವಾದ್ದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಮೊದಲ ಪಾತ್ರೆಯಲ್ಲಿ ಡಿ-23: ಲೀಟರಿಗೆ 7.5 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, ಬೇರೇನೂ ಇಲ್ಲ. ಸಲ್ಫೈಟ್ ಪೂರ್ತಿ ಬಿದ್ದ ನೀರಿನಲ್ಲಿ ಮೆಟಾಲ್ ಕರಗದು, ಆದ್ದರಿಂದ ಬಿಸಿ ನೀರಿಗೆ ಮೊದಲು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಕರಗಿದ ಮೇಲೆ ಉಳಿದ ಸಲ್ಫೈಟ್ ಎಂಬ ಕ್ರಮವನ್ನು ತಪ್ಪಿಸಬಾರದು. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಎರಡನೆಯ ಪಾತ್ರೆಯಲ್ಲಿ ಲೀಟರಿಗೆ 10 ಗ್ರಾಂ ಬೋರಾಕ್ಸ್. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೂ ಇದೇ ವಸ್ತು, ಆದರೆ ಅಂಗಡಿಯದು ಶುದ್ಧವಾಗಿರುತ್ತದೆಂಬ ಭರವಸೆಯಿಲ್ಲದ್ದರಿಂದ ಪ್ರಯೋಗಾಲಯದ ಸಾಮಾನು ಮಾರುವಲ್ಲಿ ಕೊಳ್ಳುವುದು ಲೇಸು. ಫಿಲ್ಮನ್ನು ಮೊದಲನೆಯದರಲ್ಲಿ ನಾಲ್ಕು ನಿಮಿಷ ಇಟ್ಟು, ನಡುವೆ ನೀರಿನಲ್ಲಿ ಜಾಲಿಸದೆ, ನೇರವಾಗಿ ಎರಡನೆಯದಕ್ಕೆ ಮೂರು ನಿಮಿಷ ಬಿಡಬೇಕು. ಜೆಲಾಟಿನ್ ಹೀರಿಕೊಂಡು ಬಂದ ಮೆಟಾಲಿಗೆ ಅಲ್ಲಿ ಕ್ಷಾರ ಸಿಕ್ಕಿ ಒಮ್ಮೆಲೇ ಚುರುಕಾಗುತ್ತದೆ. ಬಿಸಿಲಿನ ಭಾಗದಲ್ಲಿ ಕೆಲಸ ಹೆಚ್ಚು, ದಾಸ್ತಾನು ಬೇಗ ಮುಗಿಯುತ್ತದೆ. ನೆರಳಿನಲ್ಲಿ ಕೆಲಸ ಕಡಿಮೆ, ದಾಸ್ತಾನು ಕೊನೆಯವರೆಗೂ ಬರುತ್ತದೆ. ಎರಡನೆಯ ಹಂತದಲ್ಲಿ ಸಮಯವೂ ಉಷ್ಣತೆಯೂ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಹೀರಿಕೊಂಡದ್ದು ಮುಗಿದ ಮೇಲೆ ಆಗುವುದೇನೂ ಉಳಿದಿರುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲಿ ಚಳಿಗಾಲದ ಬೆಳಿಗ್ಗೆ ನಲ್ಲಿಯ ನೀರು 20 ಡಿಗ್ರಿಯ ಹತ್ತಿರವೇ ಇರುತ್ತದೆ; ಏಪ್ರಿಲಿನಲ್ಲಿ ಟೆರೇಸಿನ ಟ್ಯಾಂಕಿನಿಂದ ಬರುವ ನೀರಿನ ಕಥೆ ಬೇರೆ. ಮಾಮೂಲಿ ಪದ್ಧತಿಯಲ್ಲಿ 20 ಡಿಗ್ರಿಗೆ 10 ನಿಮಿಷವಿರುವುದು 24ಕ್ಕೆ ಸುಮಾರು 7 ನಿಮಿಷಕ್ಕೆ ಇಳಿಯುತ್ತದೆ. ಇನ್ನೂ ಬಿಸಿಯಾದರೆ ಸಮಯ ಐದು ನಿಮಿಷಕ್ಕಿಂತ ಕೆಳಗಿಳಿದು, ಟ್ಯಾಂಕಿಗೆ ಸುರಿಯುವ ಹೊತ್ತಿನಲ್ಲೇ ಫಿಲ್ಮಿನ ಮೇಲೆ ಏರುಪೇರಾಗುತ್ತದೆ.

ನೀರಿನ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಕೊಳವೆಬಾವಿಯ ಗಡಸು ನೀರು ಒಣಗಿದ ನೆಗೆಟಿವಿನ ಮೇಲೆ ಸುಣ್ಣದ ಚುಕ್ಕೆ ಬಿಡುತ್ತದೆ, ಮತ್ತು ಸ್ಲೋ ಫಿಲ್ಮಿನ ನುಣುಪಿನಲ್ಲಿ ಆ ಚುಕ್ಕೆ ಮುಚ್ಚಿಕೊಳ್ಳುವುದಿಲ್ಲ. ಕೊಡ್ಯಾಕಿನ ಎಕ್ಸ್‌ಟಾಲ್‌ನಂತೆ ವಿಟಮಿನ್ ಸಿ ವರ್ಗದ ರಾಸಾಯನಿಕ ಇರುವ ಡೆವಲಪರುಗಳಿಗೆ ನೀರಿನಲ್ಲಿರುವ ಕಬ್ಬಿಣದ ಅಂಶವೂ ಶತ್ರು. ಬಣ್ಣ ಬದಲಾಗದೆ, ಯಾವ ಸೂಚನೆಯನ್ನೂ ಕೊಡದೆ ಅವು ಸತ್ತುಹೋಗುತ್ತವೆ. ಡೆವಲಪರ್ ಕಲಸಲು ಮತ್ತು ಕೊನೆಯ ಜಾಲಾಟಕ್ಕೆ ಡಿಸ್ಟಿಲ್ಡ್ ನೀರು ಅಥವಾ ಶುದ್ಧ ನೀರಿನ ಘಟಕದ ಕ್ಯಾನ್ ನೀರು, ನಡುವಿನ ತೊಳೆತಕ್ಕೆಲ್ಲ ನಲ್ಲಿ ನೀರು ಎಂದು ನಾನು ಹಂಚಿಕೊಂಡಿದ್ದೇನೆ.

ಕಾಫಿಯ ಸೀಮೆಯಲ್ಲಿ

ಬೆಟ್ಟ ಹತ್ತಿ ಚಿಕ್ಕಮಗಳೂರಿನ ಕಡೆ ಹೋದರೆ ಕಲ್ಲಿನ ಬದಲು ಎಲೆ, ಹಣ್ಣು, ಮಂಜಿನ ಪ್ರಶ್ನೆಗಳು ಎದುರಾಗುತ್ತವೆ. ತೋಟದ ಮರಗಳ ನೆರಳಿನಲ್ಲಿ 50ರ ಫಿಲ್ಮ್ ಟ್ರೈಪಾಡ್ ಇಲ್ಲದೆ ನಡೆಯುವುದಿಲ್ಲ. ಹೂಮಳೆಯ ನಂತರ ಅರಳಿದ ಬಿಳಿ ಹೂವಿನ ಗೊಂಚಲು ಗಾಳಿಗೆ ಅಲುಗುತ್ತಿದ್ದರೆ ಟ್ರೈಪಾಡಿನಿಂದಲೂ ಉಪಯೋಗವಿಲ್ಲ, ಅಲ್ಲಿ ಎಫ್‌ಪಿ4ರ ಒಂದೂಕಾಲು ಸ್ಟಾಪಿನ ಲಾಭ ದೊಡ್ಡದು. ಕೆಂಪಾದ ಕಾಫಿ ಹಣ್ಣಿನದು ಇನ್ನೂ ಸ್ವಾರಸ್ಯದ ಸಂಗತಿ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಸಾಮಾನ್ಯ ಫಿಲ್ಮಿನಲ್ಲಿ ಕೆಂಪು ಹಣ್ಣೂ ಹಸಿರು ಎಲೆಯೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣವಾಗಿ, ಕಣ್ಣಿಗೆ ಅಷ್ಟು ಚೆಂದ ಕಂಡ ರೆಂಬೆ ಚಿತ್ರದಲ್ಲಿ ಕಲಸಿಹೋಗುತ್ತದೆ. ಇಲ್‌ಫೋರ್ಡಿನ ಆರ್ಥೊ ಪ್ಲಸ್ 80 ಕೆಂಪನ್ನು ಕಾಣದ ಫಿಲ್ಮ್. ಅದರಲ್ಲಿ ಹಣ್ಣು ಕಪ್ಪುಮಣಿಯಂತೆ, ಎಲೆ ತಿಳಿಯಾಗಿ ಬರುತ್ತದೆ. ಹೆಂಚಿನ ಮಾಡೂ ಕೆಮ್ಮಣ್ಣಿನ ದಾರಿಯೂ ಅದರಲ್ಲಿ ಗಾಢವಾಗುತ್ತವೆ, ನೀಲಿ ಆಕಾಶ ಮಾತ್ರ ಬೆಳ್ಳಗಾಗಿಬಿಡುತ್ತದೆ. 1850ರ ದಶಕದಲ್ಲೇ ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನ ದೇವಾಲಯದ ಚಿತ್ರಗಳನ್ನು ತೆಗೆದರಲ್ಲ, ಆ ಕಾಲದ ಫಲಕಗಳು ಇದಕ್ಕಿಂತಲೂ ಮುಂದೆ ಹೋಗಿ ಮುಖ್ಯವಾಗಿ ನೀಲಿಯೊಂದನ್ನೇ ಕಾಣುತ್ತಿದ್ದವು. ಹಳೆಯ ಚಿತ್ರಗಳಲ್ಲಿ ಆಕಾಶ ಖಾಲಿ ಹಾಳೆಯಂತಿರುವುದಕ್ಕೆ ಅದೂ ಒಂದು ಕಾರಣ.

ಮುಳ್ಳಯ್ಯನಗಿರಿಯ ಮೇಲಿಂದ ದೂರದ ಸಾಲುಬೆಟ್ಟಗಳನ್ನು ಹಿಡಿಯುವವರಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದ ಫಿಲ್ಮ್, ರೋಲೈ ರೆಟ್ರೊ 80ಎಸ್‌ನಂತೆ ಕೆಂಪಿಗೆ ಹೆಚ್ಚು ಸ್ಪಂದಿಸುವಂಥದ್ದು. ನೀಲಿಯಾಗಿ ಚದುರುವ ಮಬ್ಬನ್ನು ಅದು ಸಹಜವಾಗಿಯೇ ಕಡಿಮೆ ಮಾಡುತ್ತದೆ. ಸಾಮಾನ್ಯ 50ರ ಫಿಲ್ಮಿಗೆ ಕೆಂಪು ಫಿಲ್ಟರ್ ಹಾಕಿಯೂ ಇದನ್ನು ಸಾಧಿಸಬಹುದು, ಆದರೆ ಫಿಲ್ಟರ್ ಮೂರು ಸ್ಟಾಪ್ ನುಂಗಿ ಫಿಲ್ಮನ್ನು ಆರರ ವೇಗಕ್ಕೆ ಇಳಿಸುತ್ತದೆ. ಸುಡು ಬಿಸಿಲಿನಲ್ಲೂ ಲೆನ್ಸಿನ ತೆರಪು ಎಫ್ 8ಕ್ಕೆ 1/25 ಸೆಕೆಂಡು ಕ್ಯಾಮೆರಾ ಅಲುಗದೆ ನಿಲ್ಲಬೇಕು, ಆ ತುದಿಯ ಗಾಳಿಯಲ್ಲಿ.

ಇನ್ನು ಕಾಫಿಯಲ್ಲೇ ಫಿಲ್ಮ್ ತೊಳೆಯುವ ವಿಚಾರ. ಇದು ತಮಾಷೆಯ ಮಾತಲ್ಲ. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ಕಾಟ್ ವಿಲಿಯಮ್ಸ್ ತಮ್ಮ ವಿದ್ಯಾರ್ಥಿಗಳೊಂದಿಗೆ ಇದನ್ನು ಮಾಡಿ ತೋರಿಸಿದರು. ಕೆಫಿನಾಲ್ ಎಂಬ ಹೆಸರು ನಿಂತಿತು. ಕೆಲಸ ಮಾಡುವುದು ಕಾಫಿಯಲ್ಲಿರುವ ಕೆಫೀಕ್ ಆಮ್ಲದಂಥ ಫೀನಾಲ್ ವರ್ಗದ ವಸ್ತುಗಳು, ಕೆಫೀನ್ ಅಲ್ಲ. ಹೆಚ್ಚು ಬಳಕೆಯಲ್ಲಿರುವ ಸೂತ್ರದಲ್ಲಿ ಲೀಟರ್ ನೀರಿಗೆ 54 ಗ್ರಾಂ ನಿರ್ಜಲ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ. 20 ಡಿಗ್ರಿಯಲ್ಲಿ 15 ನಿಮಿಷ. ಸೋಡಾ ಹರಳಿನ ರೂಪದಲ್ಲಿದ್ದರೆ ಅದರಲ್ಲಿ ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆ ನೀರೇ ತುಂಬಿರುವುದರಿಂದ 54ರ ಬದಲು ಸುಮಾರು 146 ಗ್ರಾಂ ಬೇಕಾಗುತ್ತದೆ; ಇದನ್ನು ಅರಿಯದೆ ಕೈಬಿಟ್ಟವರು ಎಷ್ಟೋ ಮಂದಿ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಈ ಫೀನಾಲ್ ಅಂಶ ಹೆಚ್ಚು, ಆದ್ದರಿಂದ ಅಗ್ಗದ ರೊಬಸ್ಟಾ ಇನ್‌ಸ್ಟಂಟ್ ಪುಡಿಯೇ ಇಲ್ಲಿ ಶ್ರೇಷ್ಠ. ಅತಿಥಿಗಳಿಗೆಂದು ಎತ್ತಿಟ್ಟ ಅರೇಬಿಕಾವನ್ನು ಮುಟ್ಟಬೇಕಾಗಿಲ್ಲ, ಚಿಕೋರಿ ಬೆರೆತ ಫಿಲ್ಟರ್ ಪುಡಿಯಂತೂ ಬೇಡ. ವೇಗದ ಫಿಲ್ಮುಗಳಲ್ಲಿ ಕೆಫಿನಾಲ್ ಇಡೀ ನೆಗೆಟಿವಿನ ಮೇಲೆ ಮಂಜು ಕವಿಸುತ್ತದೆ, ಸ್ಲೋ ಫಿಲ್ಮುಗಳಲ್ಲಿ ಅದು ತೀರ ಕಡಿಮೆ. ತಿಳಿಗಂದು ಕಲೆಯೊಂದು ಉಳಿದರೂ ಮುದ್ರಣಕ್ಕೆ ಅಡ್ಡಿಯಿಲ್ಲ. ವಾಸನೆಯ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಡುವುದು ಕ್ಷೇಮ.

ಒಳಗಿನ ಕತ್ತಲೆ, ಮತ್ತು ಒಂದು ಪರೀಕ್ಷೆ

ಬೇಲೂರಿನ ನವರಂಗದೊಳಗೆ, ಜಾಲಂಧ್ರಗಳಿಂದ ಸೋಸಿ ಬರುವ ಬೆಳಕಿನಲ್ಲಿ, 50ರ ಫಿಲ್ಮಿಗೆ ಮೀಟರ್ ತೋರಿಸುವುದು ಸೆಕೆಂಡುಗಳ ಲೆಕ್ಕ. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಅಲ್ಲಿ ಫಿಲ್ಮಿನ ಇನ್ನೊಂದು ಸ್ವಭಾವ ಎದುರಾಗುತ್ತದೆ: ಬೆಳಕು ತೀರ ಮೆಲ್ಲಗೆ ಬಂದರೆ ಹರಳಿನಲ್ಲಿ ಮೂಡಿದ ಬೆಳ್ಳಿಯ ಚುಕ್ಕೆ ಗಟ್ಟಿಯಾಗುವ ಮೊದಲೇ ಚದುರಿಹೋಗುತ್ತದೆ, ಆದ್ದರಿಂದ ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಕು. ಮೀಟರ್ 10 ಸೆಕೆಂಡು ಎಂದರೆ ಪ್ಯಾನ್ ಎಫ್‌ಗೆ ಸುಮಾರು 21 ಸೆಕೆಂಡು, ಎಫ್‌ಪಿ4ಕ್ಕೆ 18, ಫೋಮಾಪ್ಯಾನ್ 100ಕ್ಕೆ 80. ಫೂಜಿಯ ಅಕ್ರಾಸ್ 100ಕ್ಕೆ ಎರಡು ನಿಮಿಷದವರೆಗೆ ಏನನ್ನೂ ಸೇರಿಸಬೇಕಾಗಿಲ್ಲ. ಕತ್ತಲ ಗುಡಿಯಲ್ಲಿ 50ರ ಫಿಲ್ಮಿಗಿಂತ ಅಕ್ರಾಸ್ ನಾಲ್ಕು ಪಟ್ಟಿಗೂ ಹೆಚ್ಚು ಬೇಗ ಕೆಲಸ ಮುಗಿಸುತ್ತದೆ ಎಂಬುದು ಡಬ್ಬಿಯ ಮೇಲಿನ ಸಂಖ್ಯೆಯಿಂದ ತಿಳಿಯುವುದೇ ಇಲ್ಲ. ಹೀಗೆ ಹೊತ್ತು ಹೆಚ್ಚಿಸಿದಾಗ ಕಿಟಕಿಯ ಹತ್ತಿರದ ಭಾಗಗಳು ಅಗತ್ಯಕ್ಕಿಂತ ಹೆಚ್ಚು ಬೆಳಕು ಪಡೆದಿರುವುದರಿಂದ, ಮೇಲೆ ಹೇಳಿದ ಎರಡು ಪಾತ್ರೆಗಳ ಪದ್ಧತಿ ಇಲ್ಲಿಯೂ ಒದಗುತ್ತದೆ.

ಪ್ಯಾನ್ ಎಫ್ ತೆಗೆದ ಮೇಲೆ ಮೂರು ತಿಂಗಳೊಳಗೆ ತೊಳೆಯಿರಿ ಎಂದು ತಯಾರಕರೇ ಹೇಳುತ್ತಾರೆ. ಬೆಳಕು ತಾಗಿದ ಗುರುತು ಈ ಫಿಲ್ಮಿನಲ್ಲಿ ಬೇರೆಯವುಗಳಿಗಿಂತ ಬೇಗ ಮಾಸುತ್ತದೆ. ಮೇ ತಿಂಗಳಲ್ಲಿ ದೊಡ್ಡಗದ್ದವಳ್ಳಿಯಲ್ಲಿ ತೆಗೆದ ನನ್ನದೊಂದು ರೋಲು ಮಳೆಗಾಲವನ್ನೆಲ್ಲ ಚೀಲದ ಮೂಲೆಯಲ್ಲಿ ಕಳೆದು, ಸಂಕ್ರಾಂತಿಯ ಹೊತ್ತಿಗೆ ಟ್ಯಾಂಕಿಗೆ ಬಿದ್ದಾಗ, ಲಕ್ಷ್ಮೀದೇವಿಯ ಗುಡಿ ನೀರಿನೊಳಗೆ ಮುಳುಗಿದಂತೆ ಮಸುಕಾಗಿ ಕಂಡಿತ್ತು.

ಯಾವ ಜೋಡಿಯನ್ನು ಆಯ್ದುಕೊಂಡರೂ ಒಂದು ರೋಲನ್ನು ಪರೀಕ್ಷೆಗೆಂದು ಬಿಟ್ಟುಕೊಡಬೇಕು. ಅರ್ಧ ಬಿಸಿಲು, ಅರ್ಧ ನೆರಳು ಬಿದ್ದ ಮನೆಯ ಗೋಡೆಯೊಂದರ ನೆರಳಿನಲ್ಲಿ ಕಪ್ಪು ಕಂಬಳಿ, ಬಿಸಿಲಿನಲ್ಲಿ ಬಿಳಿ ಪಂಚೆ ನೇತುಹಾಕಿ, 50ರ ಫಿಲ್ಮಿಗೆ ಮೀಟರನ್ನು 50, 32, 25 ಎಂದು ಬದಲಿಸುತ್ತ ಒಂದೊಂದು ಚಿತ್ರದಂತೆ ರೋಲಿನುದ್ದಕ್ಕೂ ತೆಗೆದು, ಕತ್ತಲೆಯಲ್ಲಿ ಅದನ್ನು ಮೂರು ತುಂಡು ಮಾಡಿ, ಆಯ್ದ ಡೆವಲಪರಿನಲ್ಲಿ ಮೂರು ಬೇರೆ ಬೇರೆ ಸಮಯಕ್ಕೆ ತೊಳೆಯಬೇಕು. ಒಣಗಿದ ಮೇಲೆ ಮೊದಲು ಕಂಬಳಿಯ ನೇಯ್ಗೆ ಯಾವ ಸಂಖ್ಯೆಯ ಚಿತ್ರದಿಂದ ಕಾಣತೊಡಗುತ್ತದೆ ಎಂದು ನೋಡಿ ಅದನ್ನು ಫಿಲ್ಮಿನ ವೇಗವೆಂದು ಬರೆದಿಟ್ಟುಕೊಳ್ಳಬೇಕು. ಆಮೇಲೆ ಅದೇ ಸಂಖ್ಯೆಯ ಮೂರು ಚಿತ್ರಗಳನ್ನು ಸಾಲಾಗಿ ಇಟ್ಟು, ಪಂಚೆಯ ಮಡಿಕೆಗಳು ಇನ್ನೂ ಬೇರೆ ಬೇರೆಯಾಗಿ ಕಾಣುತ್ತಿರುವ ತುಂಡು ಎಷ್ಟು ನಿಮಿಷ ತೊಳೆದದ್ದೆಂದು ಡೆವಲಪರಿನ ಬಾಟಲಿಯ ಮೇಲೆಯೇ ಚೀಟಿ ಅಂಟಿಸಬೇಕು.